ಕೈಯಲ್ಲಿ ಹಿಡಿದ ದೇಹ: ಆರೋಗ್ಯದ ಲೆಕ್ಕವೂ ಅದರ ವಸ್ತುರೂಪಗಳೂ

ಪ್ರವೇಶ

ಕರ್ನಾಟಕದ ಜಾನಪದ ಕ್ಷೇತ್ರದಲ್ಲಿ ಭೌತಿಕ ಸಂಸ್ಕೃತಿಯ ಅಧ್ಯಯನವು ಬಹುಮಟ್ಟಿಗೆ ಕೃಷಿ ಉಪಕರಣ, ಪಾತ್ರೆ ಪರಡಿ, ಉಡುಗೆ ತೊಡುಗೆ, ಆಟಿಕೆ ಮತ್ತು ಆರಾಧನೆಯ ಪರಿಕರಗಳ ಸುತ್ತ ನಡೆದಿದೆ. ಜನಪದ ವೈದ್ಯವನ್ನು ಕುರಿತ ಸಂಗ್ರಹಗಳು ನಾರು ಬೇರು, ಸೊಪ್ಪು ಸದೆ, ಮಂತ್ರ ಮತ್ತು ನಂಬಿಕೆಗಳನ್ನು ದಾಖಲಿಸಿವೆ. ತನ್ನ ಅಥವಾ ತನ್ನ ಮಗುವಿನ ದೇಹದ ಸ್ಥಿತಿಯನ್ನು ತಿಳಿದುಕೊಳ್ಳಲು ಮನುಷ್ಯರು ಕೈಯಲ್ಲಿ ಹಿಡಿದು, ಎಣಿಸಿ, ಸುರಿದು, ಸುತ್ತಿ ನೋಡುವ ವಸ್ತುಗಳು ಮಾತ್ರ ಈ ಎರಡೂ ಗುಂಪುಗಳ ಅಂಚಿನಲ್ಲಿಯೇ ಉಳಿದಿವೆ. ಅಂತಹ ಕೆಲವು ವಸ್ತುಗಳ ಸ್ವರೂಪ ಮತ್ತು ಕಾರ್ಯವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಸ್ತುಗಳ ಮಹತ್ವವನ್ನು ಅರಿಯಲು ಇಂದಿನ ಆರೋಗ್ಯ ದಾಖಲೆಯ ಸ್ವರೂಪವನ್ನು ಮೊದಲು ಗಮನಿಸಬೇಕು. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಪ್ರಮಾಣಗಳು ಅಂಕಿಗಳಾಗಿ ನಿಂತಿರುತ್ತವೆ. ಅಳೆದವರು ಒಬ್ಬರು, ಬರೆದವರು ಒಬ್ಬರು, ಓದುವವರು ಇನ್ನೊಬ್ಬರು. ಯಾರ ದೇಹದಿಂದ ಆ ಅಂಕಿಗಳು ಬಂದವೋ ಅವರ ಪಾಲಿಗೆ ಕಾರ್ಡು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಕೇಳಿದಾಗ ತೆಗೆದು ತೋರಿಸಬೇಕಾದ ಕಾಗದವಾಗಿರುತ್ತದೆ. ಅಂಕಿ ತನ್ನದಾದರೂ ಅದರ ಅರ್ಥ ತನ್ನ ವಶದಲ್ಲಿಲ್ಲ ಎಂಬ ಈ ಸ್ಥಿತಿಗೆ ಅನಕ್ಷರತೆಯೊಂದೇ ಕಾರಣವೆಂದು ಹೇಳಲಾಗದು. ಓದು ಬರಹ ಬಲ್ಲವರೂ ರಕ್ತಪರೀಕ್ಷೆಯ ವರದಿಯನ್ನು ಹಿಡಿದು ಇನ್ನೊಬ್ಬರ ಮುಖ ನೋಡುವುದು ಸಾಮಾನ್ಯ. ಅದೇ ಲೆಕ್ಕವು ಮಣಿಯಾಗಿ, ಪಟ್ಟಿಯಾಗಿ, ನೀರು ತುಂಬಿದ ಬುರುಡೆಯಾಗಿ ಕೈಗೆ ಬಂದಾಗ ಏನಾಗುತ್ತದೆ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ.

ಹರಕೆಯ ಮಣ್ಣು

ದೇಹವನ್ನು ಮಾದರಿಯಾಗಿ ಮಾಡುವ ಅತ್ಯಂತ ವ್ಯಾಪಕವಾದ ಜನಪದ ರೂಢಿಯೆಂದರೆ ಹರಕೆ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಉಜಿರೆಗೆ ಸಮೀಪದಲ್ಲಿರುವ ಸುರ್ಯದ ಸದಾಶಿವರುದ್ರ ದೇವಾಲಯವು ಮಣ್ಣಿನ ಹರಕೆಗೆ ಹೆಸರಾಗಿದೆ. ಮಕ್ಕಳಿಲ್ಲದವರು ಮಗುವಿನ ಅಥವಾ ತೊಟ್ಟಿಲಿನ ಆಕೃತಿಯನ್ನು, ಮನೆ ಬೇಡುವವರು ಮನೆಯ ಆಕೃತಿಯನ್ನು, ಕಾಯಿಲೆಯಿಂದ ನರಳುವವರು ಆಯಾ ಅಂಗದ ಆಕೃತಿಯನ್ನು ಸುಟ್ಟ ಮಣ್ಣಿನಲ್ಲಿ ಅರ್ಪಿಸುತ್ತಾರೆ. ಅರ್ಪಿತವಾದ ಆಕೃತಿಗಳು ಹರಕೆ ಬನದಲ್ಲಿ ಮರಗಳ ಕೆಳಗೆ ರಾಶಿಯಾಗಿ ಉಳಿಯುತ್ತವೆ. ಬೆಳ್ಳಿಯ ಕಣ್ಣು, ಕೈ, ಕಾಲುಗಳನ್ನು ಒಪ್ಪಿಸುವ ಪದ್ಧತಿ ರಾಜ್ಯದ ಇತರ ಅನೇಕ ದೇವಾಲಯಗಳಲ್ಲಿಯೂ ಇದೆ. ಈ ರೂಢಿ ಒಂದು ಪ್ರದೇಶಕ್ಕೆ ಸೀಮಿತವಾದುದಲ್ಲ. ಗ್ರೀಸಿನ ಕೊರಿಂಥ್‌ನಲ್ಲಿ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕ್ಷೇತ್ರವನ್ನು ಉತ್ಖನನ ಮಾಡಿದಾಗ ಕ್ರಿ.ಪೂ. ಐದು ಮತ್ತು ನಾಲ್ಕನೆಯ ಶತಮಾನಗಳ ಕಾಲದ ಮಣ್ಣಿನ ಕೈ, ಕಾಲು, ಕಿವಿ, ಸ್ತನಗಳು ದೊರೆತಿವೆ.

ಹರಕೆಯ ಆಕೃತಿ ಮಾಡುವ ಮೊದಲ ಕೆಲಸ ಬೇರ್ಪಡಿಸುವುದು. ದೇಹದೊಳಗಿನ ನೋವು ಎಲ್ಲಿಂದ ಎಲ್ಲಿಗೆ ಎಂದು ಹೇಳಲಾಗದ ಸ್ಥಿತಿಯಲ್ಲಿರುತ್ತದೆ. ಹರಕೆ ಹೊರುವವರು ಇಂಥದೇ ಅಂಗ ಎಂದು ನಿರ್ಧರಿಸಲೇಬೇಕು. ಮನೆಯವರೊಡನೆ ಆ ಬಗ್ಗೆ ಮಾತನಾಡಬೇಕು, ಆಕೃತಿಯನ್ನು ತರಬೇಕು, ಹೊತ್ತು ನಡೆಯಬೇಕು, ಇಟ್ಟು ಬರಬೇಕು. ಹೇಳಿಕೊಳ್ಳಲು ಸಂಕೋಚವಾಗುವ ತೊಂದರೆಯೂ ಹೀಗೆ ಅಂಗೈಯಲ್ಲಿ ಕಾಣುವ ವಸ್ತುವಾಗುತ್ತದೆ. ಆದರೆ ಈ ಮಾದರಿಗೆ ಒಂದು ಮಿತಿಯಿದೆ. ಅದು ಈಗಾಗಲೇ ಗೊತ್ತಿರುವ ತೊಂದರೆಯನ್ನು ದೇವರಿಗೆ ನಿವೇದಿಸುತ್ತದೆ. ಹೊಸದಾಗಿ ಏನನ್ನೂ ತಿಳಿಸುವ ಹೊಣೆ ಅದಕ್ಕಿಲ್ಲ. ನಿನ್ನೆಗಿಂತ ಇಂದು ಹೇಗೆ, ಏನು ಮಾಡಿದರೆ ಏನಾದೀತು ಎಂಬುದನ್ನು ಮಣ್ಣಿನ ಕಾಲು ತೋರಿಸಲಾರದು. ಅರ್ಪಿಸಿದ ಮೇಲೆ ಅದು ಹೊತ್ತವರ ಕೈಯಲ್ಲಿಯೂ ಉಳಿಯುವುದಿಲ್ಲ.

ಸೋರೆಬುರುಡೆಯ ಮಗು

ಹರಕೆಯ ಆಕೃತಿ ತೋರಿಸಲಾಗದ ಬದಲಾವಣೆಯನ್ನೇ ಮುಖ್ಯವಾಗಿ ತೋರಿಸುವ ಮಾದರಿಯೊಂದು ಮೆಕ್ಸಿಕೋ ದೇಶದ ಹಳ್ಳಿಗಳಲ್ಲಿ ಬಳಕೆಗೆ ಬಂದಿತು. ಸಿನಲೋವಾ ಪ್ರಾಂತ್ಯದ ಅಹೋಯಾ ಎಂಬ ಗುಡ್ಡಗಾಡಿನ ಊರನ್ನು ಕೇಂದ್ರವಾಗಿಸಿಕೊಂಡು ನಡೆದ ಪಿಯಾಸ್ತ್ಲಾ ಆರೋಗ್ಯ ಯೋಜನೆಯ ಅನುಭವಗಳನ್ನು ಡೇವಿಡ್ ವರ್ನರ್ ಮತ್ತು ಬಿಲ್ ಬೋವರ್ ಅವರು 1982ರಲ್ಲಿ ಪ್ರಕಟವಾದ ಆರೋಗ್ಯ ಕಾರ್ಯಕರ್ತರ ಕೈಪಿಡಿಯಲ್ಲಿ ವಿವರಿಸಿದ್ದಾರೆ. ಅದರಲ್ಲಿ ಬರುವ ಸೋರೆಬುರುಡೆಯ ಮಗು ಇಲ್ಲಿ ಪ್ರಸ್ತುತ.

ಇದರ ರಚನೆ ಸರಳವಾದುದು. ಒಣಗಿದ ಸೋರೆಬುರುಡೆಯ ಮೇಲ್ಭಾಗವನ್ನು ಕೊಯ್ದು ಬಾಯಿ ತೆರೆಯುತ್ತಾರೆ. ಅದು ಮಗುವಿನ ನೆತ್ತಿ. ಅದರ ಮೇಲೆ ತೆಳುವಾದ ಬಟ್ಟೆಯನ್ನು ಹೊದಿಸುತ್ತಾರೆ. ಕಣ್ಣಿನ ಸ್ಥಾನದಲ್ಲಿ ಸೂಜಿಮೊನೆಯಷ್ಟು ರಂಧ್ರ, ಮೂತ್ರಕ್ಕೆ ಮತ್ತೊಂದು ರಂಧ್ರ, ಭೇದಿಗೆ ಕೆಳಗೆ ಬಿರಡೆ ಹಾಕಿದ ದೊಡ್ಡ ರಂಧ್ರ. ಬುರುಡೆಯ ತುಂಬ ನೀರು ತುಂಬಿದಾಗ ಮಗು ಅಳುತ್ತದೆ, ಮೂತ್ರ ಮಾಡುತ್ತದೆ, ನೆತ್ತಿ ಸಮವಾಗಿರುತ್ತದೆ. ಕೆಳಗಿನ ಬಿರಡೆಯನ್ನು ಎಳೆದಾಗ ನೀರು ಇಳಿಯುತ್ತದೆ. ಕಣ್ಣೀರು ನಿಲ್ಲುತ್ತದೆ, ಮೂತ್ರ ನಿಲ್ಲುತ್ತದೆ, ನೀರಿಗೆ ಅಂಟಿಕೊಂಡಿದ್ದ ಬಟ್ಟೆ ಒಳಗೆ ಕುಸಿಯುತ್ತದೆ. ಸೋರೆಬುರುಡೆ ಸಿಗದ ಕಡೆ ಪ್ಲಾಸ್ಟಿಕ್ ಬಾಟಲಿಯಿಂದಲೂ ಇದನ್ನು ಮಾಡಬಹುದು. ತಮ್ಮ ತಂಗಿಯರನ್ನು ಎತ್ತಿಕೊಂಡು ತಿರುಗುವ ಶಾಲಾ ಮಕ್ಕಳ ಕೈಗೇ ಈ ಮಾದರಿಯನ್ನು ಕೊಡಲಾಗುತ್ತಿತ್ತು. ಯಾವುದು ಮೊದಲು ನಿಲ್ಲುತ್ತದೆ, ನೆತ್ತಿ ಯಾವಾಗ ಕುಸಿಯುತ್ತದೆ, ಹೋದಷ್ಟು ನೀರನ್ನು ಮತ್ತೆ ಹಾಕುತ್ತಾ ಬಂದರೆ ಏನಾಗುತ್ತದೆ ಎಂಬುದನ್ನು ಅವರೇ ಮಾಡಿ ಕಂಡುಕೊಳ್ಳುತ್ತಿದ್ದರು.

ಜಾನಪದದ ದೃಷ್ಟಿಯಿಂದ ಈ ಮಾದರಿಯ ವಿಶೇಷವೆಂದರೆ ಅದು ಒಂದು ಜನಪದ ರೋಗಕಲ್ಪನೆಯೊಡನೆ ನೇರವಾಗಿ ಮಾತಿಗಿಳಿಯುತ್ತದೆ. ಲ್ಯಾಟಿನ್ ಅಮೆರಿಕದ ಅನೇಕ ಸಮುದಾಯಗಳಲ್ಲಿ ನೆತ್ತಿ ಬೀಳುವುದು ಒಂದು ಸ್ವತಂತ್ರ ಕಾಯಿಲೆ. ‘ಕಾಯಿದಾ ದೆ ಮೊಯೆರಾ’ ಎಂದು ಅದಕ್ಕೆ ಹೆಸರು. ನೆತ್ತಿ ಬಿದ್ದುದರಿಂದಲೇ ಭೇದಿಯಾಗುತ್ತದೆ ಎಂದು ತಿಳಿದು, ಮಗುವಿನ ಅಂಗುಳವನ್ನು ಬೆರಳಿನಿಂದ ಮೇಲಕ್ಕೆ ಒತ್ತುವುದು, ನೆತ್ತಿಯನ್ನು ಬಾಯಿಂದ ಹೀರುವುದು, ಮಗುವನ್ನು ತಲೆಕೆಳಗು ಹಿಡಿದು ಅಂಗಾಲು ತಟ್ಟುವುದು ಅಲ್ಲಿಯ ಚಿಕಿತ್ಸೆಗಳು. ಇಲ್ಲಿ ತಾಯಿಯ ವೀಕ್ಷಣೆ ತಪ್ಪಿಲ್ಲ. ನೆತ್ತಿ ಕುಸಿದಿದೆ, ಭೇದಿಯಾಗುತ್ತಿದೆ, ಎರಡಕ್ಕೂ ಸಂಬಂಧವಿದೆ. ಕಾರ್ಯ ಕಾರಣಗಳ ಕ್ರಮ ಮಾತ್ರ ತಿರುಗುಮುರುಗಾಗಿದೆ. ಬಿರಡೆ ಎಳೆದ ಕೈಗೆ ಆ ಕ್ರಮ ಯಾರೂ ಹೇಳದೆ ತಿಳಿಯುತ್ತದೆ. ನಂಬಿಕೆಯನ್ನು ಅಜ್ಞಾನವೆಂದು ಹೀಗಳೆಯುವ ಅಗತ್ಯವೇ ಬೀಳುವುದಿಲ್ಲ.

ಇದರಲ್ಲಿ ಅಡಗಿರುವುದು ಜೀವದ ಪ್ರಶ್ನೆ. ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎಂಬ ತಿಳಿವಳಿಕೆ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಕಂಡುಬಂದಿದೆ. ಕಣ್ಣಿಗೆ ಕಾಣುವಷ್ಟರ ಮಟ್ಟಿಗೆ ಅದು ತರ್ಕಬದ್ಧವೂ ಹೌದು. ಆದರೆ ಸಾವಿಗೆ ಕಾರಣವಾಗುವುದು ದೇಹದ ನೀರು ಮತ್ತು ಲವಣಗಳು ಬರಿದಾಗುವುದು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನೊಬಿಸ್ ಅವರ ತಂಡವು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸುವ ಮೂಲಕ ಸಾವಿನ ಪ್ರಮಾಣವನ್ನು ಶೇ. 30ರ ಆಸುಪಾಸಿನಿಂದ ಶೇ. 3.6ಕ್ಕೆ ಇಳಿಸಿತು. ಅಲ್ಲಿ ಆ ನೀರನ್ನು ರೋಗಿಗಳ ಬಂಧುಗಳೇ ಕುಡಿಸುತ್ತಿದ್ದರು. 1980ರಿಂದ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯು ಇದೇ ತಿಳಿವಳಿಕೆಯನ್ನು ಮನೆಮನೆಗೆ ಒಯ್ದಾಗ ಅಳತೆಯ ಸಾಧನವಾಗಿ ಆರಿಸಿಕೊಂಡದ್ದು ತಾಯಿಯ ಕೈಯನ್ನೇ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬುದು ಅದರ ಸೂತ್ರ. ತಾಯಂದಿರು ಎಷ್ಟನ್ನು ನೆನಪಿಟ್ಟುಕೊಂಡಿದ್ದಾರೆ ಎಂಬುದರ ಮೇಲೆ ಕಲಿಸಿದ ಕಾರ್ಯಕರ್ತೆಯರ ಸಂಬಳ ನಿರ್ಧಾರವಾಗುತ್ತಿತ್ತು. ಅಳತೆ ಕೈಯಲ್ಲಿಯೇ ಇದ್ದುದರಿಂದ ಅದು ಮರೆಯುವಂಥದಾಗಿರಲಿಲ್ಲ.

ಮಣಿಸರದ ಲೆಕ್ಕ

ಸೋರೆಬುರುಡೆಯ ಮಗು ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾದರಿ. ಒಬ್ಬ ವ್ಯಕ್ತಿಯ ದಿನದಿನದ ಲೆಕ್ಕವನ್ನು ಹಿಡಿದಿಡುವ ಕೆಲಸ ಅದರದಲ್ಲ. ಆ ಕೆಲಸವನ್ನು ಮಾಡುವ ವಸ್ತುವಿಗೆ ಮಣಿಸರ ಉತ್ತಮ ನಿದರ್ಶನ. ಎಣಿಕೆಗೆ ಮಣಿ ಪೋಣಿಸುವುದು ಜಪಮಾಲೆಯ ಮೂಲಕ ಹಲವು ಧರ್ಮಗಳ ಜನರಿಗೆ ಪರಿಚಿತವಾದ ಕ್ರಮ. ಅದೇ ಕ್ರಮವನ್ನು ಋತುಚಕ್ರದ ಎಣಿಕೆಗೆ ಅಳವಡಿಸಿದ್ದು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂತಾನಾರೋಗ್ಯ ಸಂಸ್ಥೆ. ‘ಸೈಕಲ್ ಬೀಡ್ಸ್’ ಎಂದು ಹೆಸರಾದ ಈ ಸರವು ಝಾರ್ಖಂಡದಲ್ಲಿ ‘ಮಾಲಾ ಚಕ್ರ’ ಎಂಬ ಹೆಸರಿನಲ್ಲಿ ಪರಿಚಯಗೊಂಡಿತು.

ಸರದಲ್ಲಿ 32 ಮಣಿಗಳಿವೆ. ಮೊದಲನೆಯದು ಕೆಂಪು, ಅನಂತರದ 6 ಕಂದು, ಮುಂದಿನ 12 ಬಿಳಿ, ಉಳಿದ 13 ಮತ್ತೆ ಕಂದು. ಒಂದು ರಬ್ಬರಿನ ಉಂಗುರ ಮಣಿಯಿಂದ ಮಣಿಗೆ ಸರಿಯುತ್ತದೆ. ಮುಟ್ಟಾದ ದಿನ ಉಂಗುರವನ್ನು ಕೆಂಪು ಮಣಿಯ ಮೇಲೆ ಇಟ್ಟು, ದಿನಕ್ಕೊಂದು ಮಣಿಯಂತೆ ಮುಂದೆ ಸರಿಸಬೇಕು. ಬಿಳಿ ಮಣಿಗಳು 8ರಿಂದ 19ನೆಯ ದಿನದವರೆಗಿನ ಅವಧಿಯನ್ನು, ಅಂದರೆ ಗರ್ಭ ನಿಲ್ಲುವ ಸಂಭವವಿರುವ ದಿನಗಳನ್ನು ಸೂಚಿಸುತ್ತವೆ. ಬೊಲಿವಿಯಾ, ಪೆರು ಮತ್ತು ಫಿಲಿಪ್ಪೀನ್ಸ್ ದೇಶಗಳ 478 ಮಹಿಳೆಯರೊಡನೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಕ್ರಮವನ್ನು ತಪ್ಪದೆ ಪಾಲಿಸಿದಾಗ ವರ್ಷದಲ್ಲಿ ನೂರಕ್ಕೆ ಸುಮಾರು 5 ಮಂದಿ, ಸಾಮಾನ್ಯ ಬಳಕೆಯಲ್ಲಿ ಸುಮಾರು 12 ಮಂದಿ ಗರ್ಭಿಣಿಯರಾಗುತ್ತಾರೆ.

ಈ ಸರದಲ್ಲಿ ಹೆಚ್ಚು ಗಮನಿಸಬೇಕಾದುದು 27ನೆಯ ಮಣಿ. ಕಂದು ಮಣಿಗಳ ನಡುವೆ ಅದೊಂದರ ಬಣ್ಣ ಹೆಚ್ಚು ಗಾಢವಾಗಿದೆ. ಈ ಕ್ರಮ ಹೊಂದುವುದು ಋತುಚಕ್ರ 26ರಿಂದ 32 ದಿನಗಳಷ್ಟಿರುವವರಿಗೆ ಮಾತ್ರ. ಉಂಗುರ ಗಾಢವಾದ ಮಣಿಯನ್ನು ತಲುಪುವ ಮೊದಲೇ ಮುಟ್ಟಾದರೆ ಚಕ್ರ ಚಿಕ್ಕದು. ಕೊನೆಯ ಮಣಿಯ ಮರುದಿನವೂ ಆಗದಿದ್ದರೆ ಚಕ್ರ ದೊಡ್ಡದು. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಹೀಗಾದರೆ ಈ ಕ್ರಮ ತನಗೆ ಒಪ್ಪುವುದಿಲ್ಲವೆಂದು ತಿಳಿಯಬೇಕು. ಸಾಧನವು ತನ್ನ ಮಿತಿಯನ್ನು ತಾನೇ ತೋರಿಸುವ ಈ ಗುಣ ಅಪರೂಪವಾದುದು. ಬಳಸುವವಳು ಆಜ್ಞೆಯನ್ನು ಪಾಲಿಸುವುದರ ಜೊತೆಗೆ ತನ್ನ ದೇಹದ ಕ್ರಮವನ್ನು ಸರದ ಕ್ರಮದೊಡನೆ ಹೋಲಿಸಿ ತೀರ್ಮಾನಕ್ಕೆ ಬರುತ್ತಾಳೆ.

ಮಾತಿನ ಮಡಿವಂತಿಕೆಯೂ ಇಲ್ಲಿ ಪರಿಗಣನೆಗೆ ಬರಬೇಕು. ಕನ್ನಡದಲ್ಲಿ ಮುಟ್ಟನ್ನು ‘ಹೊರಗಾಗುವುದು’, ‘ರಜೆ’, ‘ಕಡೆಗೆ ಕೂರುವುದು’ ಎಂಬಂತಹ ಮರೆಮಾತುಗಳಿಂದ ಹೇಳುವ ರೂಢಿಯಿದೆ. ಇಂತಹ ಮರೆಮಾತುಗಳು ಬೇರೆ ಭಾಷೆಗಳಲ್ಲಿಯೂ ಇವೆ. ಗಂಡ ಹೆಂಡಿರ ನಡುವೆ ದಿನಗಳ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾದ ಕಡೆ, ಉಂಗುರ ಬಿಳಿ ಮಣಿಯ ಮೇಲಿದೆ ಎಂಬುದೇ ಮಾತಾಗುತ್ತದೆ. ಮರೆಮಾತು ನುಡಿಯಲ್ಲಿ ಮಾಡುವ ಕೆಲಸವನ್ನು ಮಣಿ ವಸ್ತುವಿನಲ್ಲಿ ಮಾಡುತ್ತದೆ. ಒಂದು ವ್ಯತ್ಯಾಸವೂ ಇದೆ. ಮರೆಮಾತು ವಿಷಯವನ್ನು ಮುಚ್ಚುತ್ತದೆ, ಮಣಿ ಅದನ್ನು ದಿನದ ಮಟ್ಟಿಗೆ ನಿಖರವಾಗಿ ತಿಳಿಸುತ್ತದೆ.

ತೋಳಪಟ್ಟಿ ಮತ್ತು ಅಳೆಯುವ ಅಧಿಕಾರ

ಮಣಿಸರದಲ್ಲಿ ಎಣಿಸುವವಳೂ ಎಣಿಕೆಗೆ ಒಳಗಾಗುವ ದೇಹದವಳೂ ಒಬ್ಬಳೇ. ಎಲ್ಲ ಸಾಧನಗಳೂ ಹಾಗಿರುವುದಿಲ್ಲ. ನೈಜೀರಿಯಾದಲ್ಲಿ 1967ರಿಂದ 1970ರವರೆಗೆ ನಡೆದ ಅಂತರ್ಯುದ್ಧದ ಕ್ಷಾಮದಲ್ಲಿ ಕ್ವೇಕರ್ ಸೇವಾತಂಡವು ಮಕ್ಕಳ ತೋಳಿನ ಸುತ್ತಳತೆಯನ್ನು ಎತ್ತರದೊಡನೆ ಹೋಲಿಸಿ ನೋಡಲು ಗುರುತು ಮಾಡಿದ ಒಂದು ಕೋಲನ್ನು ಬಳಸಿತು. 1974ರಲ್ಲಿ ಶಾಕಿರ್ ಮತ್ತು ಡೇವಿಡ್ ಮಾರ್ಲೆ ಅವರು ಮೂರು ಬಣ್ಣಗಳ ತೋಳಪಟ್ಟಿಯನ್ನು ವೈದ್ಯಲೋಕದ ಮುಂದಿಟ್ಟರು. ಈಗ ಬಳಕೆಯಲ್ಲಿರುವ ಪಟ್ಟಿಯಲ್ಲಿ 6ರಿಂದ 59 ತಿಂಗಳ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕೆಂಪು, ಅಲ್ಲಿಂದ 12.5 ಸೆಂ.ಮೀ.ವರೆಗೆ ಹಳದಿ, ಅದಕ್ಕಿಂತ ಹೆಚ್ಚಾದರೆ ಹಸಿರು. ಕೆಂಪು ಎಂದರೆ ತೀವ್ರ ಅಪೌಷ್ಟಿಕತೆ.

ಪಟ್ಟಿ ಎಷ್ಟೇ ಸರಳವಾಗಿದ್ದರೂ ಬಹುಕಾಲ ಅದು ಕಾರ್ಯಕರ್ತರ ಕೈಯಲ್ಲಿತ್ತು. ತಾಯಿ ಮಗುವಿನ ತೋಳನ್ನು ಮುಂದೆ ಚಾಚಿ ತೀರ್ಪಿಗೆ ಕಾಯುತ್ತಿದ್ದಳು. ನೈಜರ್ ದೇಶದ ಮಿರಿಯಾ ಜಿಲ್ಲೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕ್ರಮವನ್ನು ಬದಲಿಸಿ ನೋಡಿತು. ಅಲ್ಲಿ ತಾಯಂದಿರಿಗೇ ಪಟ್ಟಿಯನ್ನು ಕೊಟ್ಟು ಕಲಿಸಲಾಯಿತು. ಅವರ ತಪಾಸಣೆ ಕಾರ್ಯಕರ್ತರ ತಪಾಸಣೆಗೆ ಕಡಿಮೆಯಾಗಲಿಲ್ಲ. ಅಪೌಷ್ಟಿಕತೆ ಇನ್ನೂ ಬೇಗ ಪತ್ತೆಯಾಗಿ, ಆಸ್ಪತ್ರೆಗೆ ಸೇರಿಸಬೇಕಾದ ಮಕ್ಕಳ ಪ್ರಮಾಣ ಕಡಿಮೆಯಾಯಿತು. ವಸ್ತು ಬದಲಾಗಲಿಲ್ಲ, ಅದನ್ನು ಹಿಡಿದ ಕೈ ಬದಲಾಯಿತು. ತಿಂಗಳಿಗೊಮ್ಮೆ ಬರುವ ತೀರ್ಪು ತಾಯಿ ಬೇಕೆಂದಾಗ ನೋಡಬಹುದಾದ ಲೆಕ್ಕವಾಯಿತು. ವಸ್ತುಸಂಸ್ಕೃತಿಯ ಅಧ್ಯಯನದಲ್ಲಿ ವಸ್ತುವಿನ ಆಕಾರ, ದ್ರವ್ಯ, ತಯಾರಿಕೆಗಳನ್ನು ಬರೆದರೆ ಸಾಲದು, ಅದು ಯಾರ ವಶದಲ್ಲಿದೆ ಎಂಬುದನ್ನೂ ಬರೆಯಬೇಕು ಎಂಬುದಕ್ಕೆ ಇದು ಸ್ಪಷ್ಟವಾದ ಸಾಕ್ಷಿ.

ಯಂತ್ರಯುಗದ ಹೊಸ ರೂಪಗಳು

ಇತ್ತೀಚಿನ ವರ್ಷಗಳಲ್ಲಿ ಕೈಗಡಿಯಾರ ಮತ್ತು ಮೊಬೈಲ್ ಫೋನುಗಳು ಹೆಜ್ಜೆ, ನಿದ್ರೆ, ಹೃದಯಬಡಿತಗಳನ್ನು ತಾವಾಗಿಯೇ ಎಣಿಸತೊಡಗಿವೆ. ಎಣಿಕೆ ಹೆಚ್ಚಿದಂತೆ ಅದನ್ನು ಮತ್ತೆ ಸ್ಪರ್ಶಕ್ಕೆ ತರುವ ಪ್ರಯತ್ನಗಳೂ ಹುಟ್ಟಿಕೊಂಡಿವೆ. 2014ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ‘ಸ್ವೆಟ್ ಆಟಮ್ಸ್’ ಎಂಬ ಪ್ರಯೋಗವನ್ನು ಪ್ರಕಟಿಸಿದರು. ವ್ಯಾಯಾಮದ ವೇಳೆಯ ಹೃದಯಬಡಿತದ ದಾಖಲೆಯಿಂದ ಹೂವು, ಕಪ್ಪೆ, ಉಂಗುರ ಮುಂತಾದ ಪ್ಲಾಸ್ಟಿಕ್ ವಸ್ತುಗಳನ್ನು ಮೂರು ಆಯಾಮದ ಮುದ್ರಣಯಂತ್ರವು ಬಳಕೆದಾರರ ಮನೆಯಲ್ಲಿಯೇ ಮಾಡಿಕೊಡುತ್ತಿತ್ತು. 2015ರ ಹೊತ್ತಿಗೆ ‘ಡೇಟಾ ಫಿಸಿಕಲೈಸೇಶನ್’, ಅಂದರೆ ದತ್ತಾಂಶಕ್ಕೆ ವಸ್ತುರೂಪ ಕೊಡುವುದು, ಒಂದು ಸಂಶೋಧನಾ ಕ್ಷೇತ್ರವಾಗಿ ಹೆಸರು ಪಡೆಯಿತು.

2019ರಲ್ಲಿ ಅಮೆರಿಕದ ತಂದೆಯೊಬ್ಬರು ಮಗನ ಮೊದಲ ವರ್ಷದ ನಿದ್ರೆಯ ಲೆಕ್ಕವನ್ನು ಹೊದಿಕೆಯಾಗಿ ಹೆಣೆದರು. ಅದರಲ್ಲಿ ಒಂದು ಸಾಲು ಒಂದು ದಿನ, ಒಂದು ಹೆಣಿಗೆ ಆರು ನಿಮಿಷ, ಎಚ್ಚರಕ್ಕೆ ಒಂದು ಬಣ್ಣ, ನಿದ್ರೆಗೆ ಇನ್ನೊಂದು. ಹೊದಿಕೆಯ ಆರಂಭದ ಸಾಲುಗಳಲ್ಲಿ ಚದುರಿಹೋದ ಬಣ್ಣಗಳು ಕ್ರಮೇಣ ಗುಂಪುಗೂಡಿ ರಾತ್ರಿಯಾಗಿ, ಹಗಲಾಗಿ ನಿಲ್ಲುತ್ತವೆ. ಉತ್ತರ ಕರ್ನಾಟಕದ ಕೌದಿಯನ್ನು ಬಲ್ಲವರಿಗೆ ಈ ಹೊದಿಕೆ ಅಪರಿಚಿತವೆನಿಸದು. ಮನೆಮಂದಿ ಉಟ್ಟು ಹಳತಾದ ಬಟ್ಟೆಯ ತುಂಡುಗಳು ಕೌದಿಯಲ್ಲಿ ಕೂಡಿಬರುತ್ತವೆ. ಯಾವ ತುಂಡು ಯಾರದೆಂದು ಹೊಲಿದವರು ಹೇಳಬಲ್ಲರು. ಕೌದಿ ನೆನಪನ್ನು ಹಿಡಿಯುತ್ತದೆ, ಈ ಹೊದಿಕೆ ನೆನಪಿನ ಜೊತೆಗೆ ಲೆಕ್ಕವನ್ನೂ ಹಿಡಿಯುತ್ತದೆ.

ಈ ಎರಡು ಹೊಸ ರೂಪಗಳ ನಡುವಿನ ಅಂತರ ಗಮನಾರ್ಹ. ಮುದ್ರಣಯಂತ್ರದ ವಸ್ತುವಿನಲ್ಲಿ ಎಣಿಕೆಯೂ ಯಂತ್ರದ್ದು, ತಯಾರಿಕೆಯೂ ಯಂತ್ರದ್ದು. ವ್ಯಾಯಾಮದ ಬೆವರು ಮಾತ್ರ ವ್ಯಕ್ತಿಯದು. ಹೊದಿಕೆಯಲ್ಲಿ ಪ್ರತಿ ಆರು ನಿಮಿಷವೂ ಬೆರಳಿನ ಮೂಲಕ ಹಾದುಹೋಗಬೇಕು. ಉಂಗುರವನ್ನು ದಿನಕ್ಕೊಂದು ಮಣಿ ಸರಿಸುವುದಕ್ಕೂ, ಬಿರಡೆಯನ್ನು ಕೈಯಾರೆ ಎಳೆಯುವುದಕ್ಕೂ ಇದು ಹತ್ತಿರ. ತಡವಾಗಿ, ಪುನರಾವರ್ತನೆಯಾಗಿ ನಡೆಯುವ ಕೈಕೆಲಸವೇ ಇಲ್ಲಿ ಆಲೋಚನೆಗೆ ಬಿಡುವು ಒದಗಿಸುತ್ತದೆ.

ಸಮಾರೋಪ

ಮೇಲಿನ ವಿವರಣೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ದೇಹದ ಲೆಕ್ಕವನ್ನು ವಸ್ತುವಾಗಿಸಿದ ಮಾತ್ರಕ್ಕೆ ಅದು ತಿಳಿವಿನ ಸಾಧನವಾಗುವುದಿಲ್ಲ. ಬಳಸುವವರ ಕೈಯೇ ಅದನ್ನು ನಡೆಸಬೇಕು. ಸ್ಥಿತಿಯೊಡನೆ ಬದಲಾವಣೆಯೂ ಅದರಲ್ಲಿ ಕಾಣಬೇಕು. ತಾನು ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಅದು ತೋರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅದು ಆ ದೇಹದವರ ಅಥವಾ ಆ ಮಗುವನ್ನು ಸಾಕುವವರ ವಶದಲ್ಲಿರಬೇಕು. ಸುರ್ಯದ ಮಣ್ಣಿನ ಆಕೃತಿ ನೋವಿಗೆ ರೂಪ ಕೊಡುತ್ತದೆ. ಬುರುಡೆ, ಮಣಿಸರ, ತೋಳಪಟ್ಟಿಗಳು ಆ ರೂಪಕ್ಕೆ ಕಾಲವನ್ನೂ ಕಾರಣವನ್ನೂ ಸೇರಿಸುತ್ತವೆ. ಇವುಗಳಲ್ಲಿ ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಹರಕೆ ಹೊತ್ತ ತಾಯಿಯೇ ಮಗುವಿನ ತೋಳಿಗೆ ಪಟ್ಟಿಯನ್ನೂ ಸುತ್ತಬಹುದು. ಅವೆರಡರಲ್ಲಿ ಅವಳಿಗೆ ವಿರೋಧ ಕಾಣಬೇಕಾಗಿಲ್ಲ.

ಜಾನಪದ ವಸ್ತುಸಂಗ್ರಹಾಲಯಗಳು ಮತ್ತು ಕ್ಷೇತ್ರಕಾರ್ಯಕರ್ತರು ಇಂತಹ ವಸ್ತುಗಳನ್ನು ಸಂಗ್ರಹಿಸುವಾಗ ಎರಡು ಎಚ್ಚರಗಳು ಅಗತ್ಯ. ವಸ್ತುವಿನೊಡನೆ ಅದನ್ನು ಬಳಸಿದ ಕ್ರಮವನ್ನೂ, ಬಳಸಿದವರು ಅದರಿಂದ ಕೈಗೊಂಡ ತೀರ್ಮಾನವನ್ನೂ ದಾಖಲಿಸಬೇಕು. ಇಲ್ಲವಾದರೆ ಸೋರೆಬುರುಡೆ ತೂತು ಬಿದ್ದ ಪಾತ್ರೆಯಾಗಿ, ಮಾಲಾ ಚಕ್ರ ಬಣ್ಣದ ಸರವಾಗಿ ಪಟ್ಟಿಗೆ ಸೇರುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಬಳಸಿದ ಮಣಿಸರವೊಂದು ಸಂಗ್ರಹಕ್ಕೆ ಬಂದಾಗ ಅದರ ಉಂಗುರ ಯಾವುದೋ ಒಂದು ಮಣಿಯ ಮೇಲೆ ನಿಂತಿರುತ್ತದೆ. ಅದು ಒಬ್ಬ ಹೆಣ್ಣುಮಗಳ ಒಂದು ದಿನದ ಗುಟ್ಟು. ಅದನ್ನು ಇದ್ದಂತೆಯೇ ಪ್ರದರ್ಶಿಸಬೇಕೆ, ಕೆಂಪು ಮಣಿಗೆ ಮರಳಿಸಬೇಕೆ ಎಂಬುದನ್ನು ಸಂಗ್ರಾಹಕರು ತಾವೇ ನಿರ್ಧರಿಸದೆ ಆಕೆಯನ್ನು ಕೇಳಿ ತಿಳಿಯುವುದು ಉಚಿತ.